ಹುಲ್ಲಿನ ಹಿಂದಿನ ಹೆರಾಲ್ಡ್

ಕಳೆದ ವರ್ಷ ಯುಗಾದಿ ಕಳೆದು, ಹೊಸತೊಡಕಿನ ಮರುದಿನ, ಹೊಳೆನರಸೀಪುರ ತಾಲ್ಲೂಕು ಹಳೇಕೋಟೆ ಹೋಬಳಿಯ ಒಂದು ಹಳ್ಳಿಯಲ್ಲಿ, ರಾಗಿಹುಲ್ಲು ತುಂಬಿದ ಕೊಟ್ಟಿಗೆಯೊಳಗೆ ಎರಡು ಬಾಗಿಲಿನ ಹೆರಾಲ್ಡ್ ಕಾರೊಂದು ಪತ್ತೆಯಾಯಿತು. ಪತ್ತೆ ಮಾಡಿದವನು ನನ್ನ ಷಡ್ಡಕ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಚನ್ನರಾಯಪಟ್ಟಣದಲ್ಲಿ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರ. ಆ ಕೊಟ್ಟಿಗೆಯ ಮನೆಯವರ ಮಗಳ ಬೀಗರೂಟಕ್ಕೆ ಪೆಂಡಾಲ್ ಹಾಕಿಸಲು ಹೋಗಿದ್ದ. ಪೆಂಡಾಲಿನ ಒಂದು ಮೂಲೆಯ ಹಗ್ಗ ಬಿಗಿಯಲು ಗಟ್ಟಿಯಾದ ಆಸರೆ ಬೇಕಿತ್ತು. ಕೊಟ್ಟಿಗೆಯ ಕಂಬ ಸಿಗುತ್ತದೇನೋ ಎಂದು ಅವನ ಆಳೊಬ್ಬ ಹುಲ್ಲಿನೊಳಗೆ ತೋಳಿನವರೆಗೆ ಕೈ ತೂರಿಸಿದ. ಕೈಗೆ ಸಿಕ್ಕಿದ್ದು ಬಂಪರ್. ಆತ ಅದಕ್ಕೇ ಹಗ್ಗ ಕಟ್ಟಿ, ಗಂಟು ಬಿಗಿದು, ಆಮೇಲೆ ಷಡ್ಡಕನಿಗೆ ಹೇಳಿದನಂತೆ. ಅಂದು ಮಧ್ಯಾಹ್ನ ಬೀಗರೂಟದ ಪಂಕ್ತಿಗಳೆಲ್ಲ ಎದ್ದದ್ದು ಹೆರಾಲ್ಡಿನ ಆಸರೆಯ ಮೇಲೆ. ಇದು ಷಡ್ಡಕ ಹೇಳಿದ್ದು. ಬೇರೆ ಮೂಲದಿಂದ ನಾನು ಖಚಿತಪಡಿಸಿಕೊಂಡಿಲ್ಲ.

ಮನೆಮಂದಿಯ ವಾಟ್ಸಾಪ್ ಗುಂಪಿಗೆ ಫೋಟೊ ಬಂದಾಗ ನಾನು ಹಾಸನದಲ್ಲಿ ನಮ್ಮ ಪತ್ರಿಕೆಯ ಆಫೀಸಿನಲ್ಲಿ ಜಿಲ್ಲಾ ಪುಟ ನೋಡುತ್ತಿದ್ದೆ. ಹುಲ್ಲಿನ ನಡುವೆ ಒಂದು ದುಂಡನೆಯ ಹೆಡ್‌ಲೈಟು, ಅದರ ಮೇಲೆ ಹುಬ್ಬಿನ ಹಾಗೆ ಚಾಚಿದ ತಗಡು. ಕೆಳಗೆ ಷಡ್ಡಕ ಊರಿನ ಹೆಸರು, ಊರ ಮುಂದಿನ ಮೊದಲನೆಯ ಮನೆ ಎಂದೆಲ್ಲ ಹಾಕಿ ಬರೆದಿದ್ದ: 'ಬೀಗರೂಟದಲ್ಲಿ ಒಂದು ಅಂಬಾಸಿಡರ್ ಸಿಕ್ತು.'

ಅದು ಅಂಬಾಸಿಡರ್ ಆಗಿರಲಿಲ್ಲ. ಆ ಹುಬ್ಬನ್ನು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಓದುವಾಗ ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಡಾಕ್ಟರು ಅಂಥದೇ ಕಾರು ಇಟ್ಟಿದ್ದರು. ಅದರ ಬಾಗಿಲು ಮುಚ್ಚುವ ಸದ್ದು ಬೇರೆ ಕಾರುಗಳದಕ್ಕಿಂತ ತೆಳ್ಳಗಿತ್ತು. ನಾನು ಅದರೊಳಗೆ ಒಮ್ಮೆಯೂ ಕೂತವನಲ್ಲ. ಜ್ವರ ಬಂದಾಗಲೂ ನಮ್ಮಪ್ಪ ನನ್ನನ್ನು ನಡೆಸಿಕೊಂಡೇ ಕರೆದೊಯ್ದರು. ಕೊನೆಗೆ ಡಾಕ್ಟರು ಊರು ಬಿಟ್ಟರು, ಕಾರೂ ಹೋಯಿತು.

ಹತ್ತು ಹನ್ನೆರಡು ವರ್ಷದಿಂದ ನಾನು ವಾರದ ರಜೆಯ ದಿನ ಸ್ಕೂಟರ್ ಹತ್ತಿ ಹಳೆ ಕಾರು ಹುಡುಕುತ್ತ ಬಂದವನು. ಷಡ್ಡಕ ಒಂದು ದಿನವೂ ಹುಡುಕಿದವನಲ್ಲ.

ನನಗೂ ಕಾರುಗಳು ಸಿಕ್ಕಿದ್ದವು. ಮೊದಲನೆಯದು ಸಾಲಗಾಮೆಯ ಬಳಿ, ದೊಡ್ಡ ಹಿಡುವಳಿದಾರರೊಬ್ಬರ ಹಿತ್ತಲಲ್ಲಿ. ಲ್ಯಾಂಡ್‌ಮಾಸ್ಟರ್. ಮೇಲೆಲ್ಲ ಸಿಹಿಗುಂಬಳದ ಬಳ್ಳಿ ಹಬ್ಬಿ, ಒಂದು ಕಾಯಿ ಸರಿಯಾಗಿ ಸ್ಟೀರಿಂಗಿನ ಮುಂದೆ, ಒಡೆದ ಗಾಜಿನ ಮೂಲಕ ಒಳಗಿಳಿದು, ಸೀಟಿನ ಮೇಲೆ ದಪ್ಪಗೆ ಕೂತಿತ್ತು. 'ನಮ್ ಡ್ರೈವರ್‍ನ ಮಾತಾಡುಸ್ಬೇಡಿ ಸಾ, ಡ್ಯೂಟಿ ಮೇಲವ್ನೆ' ಎಂದರು ಮನೆಯ ಯಜಮಾನರು. ನಾನು ಫೋಟೊ ತೆಗೆದು ಪತ್ರಿಕೆಯ ಭಾನುವಾರದ ಪುಟದಲ್ಲಿ ಬರೆದೆ. ಊರಿನ ಹೆಸರು, ದಾರಿ ಎಲ್ಲ ಸರಿಯಾಗಿಯೇ ಕೊಟ್ಟೆ. ಸುದ್ದಿ ಅಂದ ಮೇಲೆ ಸ್ಥಳ ಇರಬೇಕು. ನಂತರದ ತಿಂಗಳು ನಾನು ಮತ್ತೆ ಹೋದಾಗ ಕುಂಬಳದ ಬಳ್ಳಿ ನೆಲದ ಮೇಲಿತ್ತು, ಕಾರಿರಲಿಲ್ಲ. ಬೆಂಗಳೂರಿನಿಂದ ಯಾರೋ ಪೇಪರಿನ ತುಣುಕು ಹಿಡಿದುಕೊಂಡೇ ಬಂದಿದ್ದರಂತೆ. ಯಜಮಾನರು ನನಗೆ ಥ್ಯಾಂಕ್ಸ್ ಹೇಳಿ ಕಾಫಿ ಕೊಟ್ಟರು.

ಎರಡನೆಯದು ಅರಕಲಗೂಡಿನ ಕಡೆ, ಹೊಗೆಸೊಪ್ಪು ಬೇಯಿಸುವುದನ್ನು ಬಿಟ್ಟ ಒಂದು ಬ್ಯಾರನ್ನಿನಲ್ಲಿ. ಆ ಕಡೆ ಎತ್ತರದ ಗೋಡೆಯ ಆ ಕೋಣೆಗೆ ಬ್ಯಾರನ್ ಎಂದೇ ಹೆಸರು. ಒಳಗೆ ಹಳೆಯ ಅಂಬಾಸಿಡರ್ ಒಂದು ಹೊಗೆಸೊಪ್ಪಿನ ಬಣ್ಣಕ್ಕೇ ತಿರುಗಿ ನಿಂತಿತ್ತು. ಡಿಕ್ಕಿ ತೆಗೆದರೆ ಸೀನು ಬಂತು. ಅದರ ಬಗ್ಗೆ ನಾನು ಬರೆಯಲಿಲ್ಲ. ಸಾಲಗಾಮೆ ಪಾಠ ಕಲಿಸಿತ್ತು. ಬರೆಯದಿದ್ದರೂ ಅದು ಹೋಯಿತು. ಅಲ್ಲಿನ ಯಜಮಾನ ತನ್ನ ಭಾವಮೈದುನನಿಗೆ ಕೊಟ್ಟುಬಿಟ್ಟಿದ್ದ.

ಇವೆರಡೂ ಬೇರೆಯವರಿಗೆ ಹೋದಾಗ ನನಗೆ ಬೇಸರವಾಗಿತ್ತು. ಹೆರಾಲ್ಡಿನ ಫೋಟೊ ನೋಡಿದಾಗ ಆದದ್ದು ಬೇಸರವಲ್ಲ. ಎದೆಯ ಮಧ್ಯೆ, ಮೂಳೆ ಇರುವ ಜಾಗದಲ್ಲಿ, ಖಾರ ತಿಂದ ಹಾಗೆ ಉರಿ. ಆ ದಿನ ಪುಟ ಮುಗಿಸುವಾಗ ಒಂದು ಶೀರ್ಷಿಕೆಯಲ್ಲಿ 'ಹೇಮಾವತಿ ನಾಲೆ' ಎಂದಿರಬೇಕಾದಲ್ಲಿ 'ಹೆರಾವತಿ' ಎಂದು ಹೊಡೆದಿದ್ದೆ. ಡೆಸ್ಕಿನವರು ಯಾರೋ ನೋಡಿ ತಿದ್ದಿದರು.

ಉರಿಗೆ ಇನ್ನೊಂದು ಕಾರಣವಿತ್ತು. ಆ ಊರಿಗೆ ನಾನು ಹೋಗಿದ್ದೆ. ಆ ಮನೆಗೇ ಹೋಗಿದ್ದೆ.

ಅದಕ್ಕೆ ಹಿಂದಿನ ದಸರಾ ಕಳೆದ ಹೊಸದರಲ್ಲಿ ಹಾಲಿನ ವ್ಯಾನಿನ ಡ್ರೈವರೊಬ್ಬ ಆ ಊರಿನಲ್ಲಿ ಒಂದು ಹಳೆ ಕಾರು ಇದೆಯಂತೆ ಎಂದಿದ್ದ. ಯಾರ ಮನೆ ಎಂದು ಅವನಿಗೂ ಗೊತ್ತಿರಲಿಲ್ಲ. ನಾನು ಹೋಗಿ ಊರ ಮುಂದಿನ ಮೊದಲನೆಯ ಮನೆಯ ಹತ್ತಿರವೇ ಸ್ಕೂಟರ್ ನಿಲ್ಲಿಸಿದೆ. ಜಗಲಿಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಮೊರದಲ್ಲಿ ಏನನ್ನೋ ಕೇರುತ್ತಿದ್ದರು. ಆ ಮನೆಯ ಯಜಮಾನಿ ಎಂದು ನೋಡಿದರೆ ತಿಳಿಯುತ್ತಿತ್ತು. ನಡೆದ ಮಾತು ನನಗೆ ಅಕ್ಷರಶಃ ನೆನಪಿದೆ.

'ಅಮ್ಮಾ, ನಿಮ್ಮಲ್ಲಿ ಹಳೇ ಕಾರು ಇದೆಯಂತೆ?' ಎಂದು ಕೇಳಿದೆ.

'ಅಳೇ ಕಾರಾ? ಇಲ್ಲ ಸಾ. ಓದ್ ತಿಂಗ್ಳೇ ತೂಕಕ್ಕಾಕ್ಬುಟ್ಟೊ.'

'ಪೂರ್ತಿ ಹಾಕಿಬಿಟ್ರಾ?'

'ಪೂರ್ತಿ. ಮನೆಗೂ ಒಂಚೂರ್ ಮಡಿಕ್ಕಳ್ನಿಲ್ಲ.'

'ಹೇಗಿತ್ತು?'

'ಅಯ್ಯೋ, ಚೆಂದಾಗಿತ್ತು ಸಾ. ಕೆಂಪುಗೆ, ಮಿಣಿಮಿಣಿ ಅಂತಿತ್ತು. ಓದ್ ವಾರ ಬಂದಿದ್ರೂ ಏನೂ ಸಿಕ್ತಿರ್ನಿಲ್ಲ ಬುಡಿ.'

ತೂಕಕ್ಕೆ ಹಾಕಿದರು ಎಂದರೆ ಗುಜರಿಗೆ ಹಾಕಿದರು ಎಂದು ತಿಳಿದೆ. ಕೆಂಪು ಕಾರು, ಮಿಣಿಮಿಣಿ ಎನ್ನುತ್ತಿದ್ದ ಕಾರು, ತುಂಡು ತುಂಡಾಗಿ ತಕ್ಕಡಿಗೆ ಹೋಯಿತು ಎಂದುಕೊಂಡೆ. ಆಕೆ ನೀರು ಕೊಟ್ಟರು, ಕುಡಿದು ಬಂದೆ. ದೀಪಾವಳಿಗೆ ಎಲ್ಲರೂ ಸೇರಿದ್ದಾಗ ಹೇಳಿದೆ ಕೂಡ: ಹಳೇಕೋಟೆ ಹೋಬಳಿಯಲ್ಲಿ ಒಂದು ಒಳ್ಳೆ ಕೆಂಪು ಕಾರು ಗುಜರಿ ಪಾಲಾಯಿತು, ಒಂದೇ ತಿಂಗಳ ಅಂತರದಲ್ಲಿ ಕೈತಪ್ಪಿತು ಎಂದು. ಷಡ್ಡಕ ಚಕ್ಕುಲಿ ಮುರಿಯುತ್ತ ಕೇಳಿಸಿಕೊಂಡ.

ಹಾಗಾಗಿ ಹೊಸತೊಡಕಿನ ಮರುದಿನ ಆ ಫೋಟೊದ ಕೆಳಗೆ ಊರಿನ ಹೆಸರು ನೋಡಿದಾಗ ನನಗೆ ಮೊದಲು ಹೊಳೆದದ್ದು ಆಕೆ ಸುಳ್ಳು ಹೇಳಿದರು ಎಂದು. ನನಗೆ ಕೊಡಲು ಇಷ್ಟವಿಲ್ಲದೆ ಇಲ್ಲ ಎಂದರು, ಷಡ್ಡಕನಿಗೆ ತೋರಿಸಿದರು. ಅವನ ಮುಖಕ್ಕೆ ಬಾಗಿಲು ತೆರೆಯುವ ಮನೆಗಳು ನನ್ನ ಮುಖಕ್ಕೆ ಮುಚ್ಚುತ್ತವೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು.

'ಅದು ಅಂಬಾಸಿಡರಾ?'

'ಹೆರಾಲ್ಡು.'

'ಹಾಗಂತ ಗ್ರೂಪಲ್ಲಿ ಹಾಕಿ ಮತ್ತೆ. ಪಾಪ, ತಪ್ಪು ಬರ್ಕೊಂಡಿದಾನೆ.'

'ಅವನೇ ತಿಳ್ಕೊಳ್ಲಿ.'

'ಇನ್ನೊಬ್ಬರ ಒಂದು ಒತ್ತಕ್ಷರ ತಪ್ಪಿದ್ರೂ ಎದ್ದು ಕೂರ್ತೀರಿ ನೀವು. ಇದನ್ನ ತಿದ್ದಲ್ವಾ?' ಎಂದು ನಕ್ಕಳು. ಅವಳಿಗೆ ಎಲ್ಲ ಗೊತ್ತಾಗುತ್ತದೆ.

ವೈಶಾಖದಲ್ಲಿ ಒಂದು ದಿನ, ಷಡ್ಡಕನಿಗೆ ಹೇಳದೆ, ನಾನು ಒಬ್ಬನೇ ಆ ಊರಿಗೆ ಹೋದೆ. ಕಾರು ಯಾರಿಗೆ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ ಎಂಬುದು ನನಗೆ ತಲುಪಿದ್ದ ಮಾಹಿತಿ. ಷಡ್ಡಕ ಕೇಳಿದ್ದಾನೆ, ಆಕೆ ನೋಡೋಣ ಎಂದಿದ್ದಾರೆ, ಅಷ್ಟೆ. ನಾನು ಆಕೆಯನ್ನು ನೇರವಾಗಿ ಕೇಳಬೇಕೆಂದೇ ಹೊರಟಿದ್ದೆ: ಆ ಕಾರನ್ನು ನನಗೆ ಕೊಡಿ.

ಆಕೆ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು.

'ಬನ್ನಿ ಸಾ, ಬನ್ನಿ. ನೀವೇ ಅಲ್ವಾ ಅಳೇ ಕಾರು ಕೇಳ್ಕಂಡ್ ಬಂದಿದ್ದೋರು? ಮಡಗಿವ್ನಿ ನಿಮ್ಗೆ.'

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. 'ನನಗಾ?' ಎಂದೆ.

'ಊಂ, ನಿಮ್ಗೇಯ. ಅವತ್ತು ಇಲ್ಲ ಅಂದಾಗ ನಿಮ್ ಮಕ ಇಷ್ಟಾಗೋಯ್ತು ಕಣ್ರೀ. ಪಾಪ, ಯಾರೋ ಸಕ್ರೆ ಕಾಯ್ಲೆಯೋರು ಅಂತ ಅಂದ್ಕಂಡೆ. ಆಮೇಕೆ ನಮ್ ತೌರೂರಿಂದ ತರಿಸ್ದೆ. ಅಲ್ಲಿ ನಮ್ಮಣ್ಣ ಇನ್ನೂ ಕಾರೇ ಆಕೋದು.'

ಆಕೆ ಒಳಗೆ ಹೋಗಿ ಒಂದು ಚೀಲ ಎಳೆದುಕೊಂಡು ಬಂದು ನನ್ನ ಕಾಲ ಬಳಿ ನಿಲ್ಲಿಸಿದರು. ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ರಾಗಿ. ಕಾರು ರಾಗಿ. ಮುಂಗಾರಿನಲ್ಲಿ ಬಿತ್ತಿ ಬೇಗ ಕೊಯ್ಯುವ ರಾಗಿಗೆ ನಮ್ಮ ಕಡೆ ಕಾರು ಎನ್ನುತ್ತಾರೆ, ಆಮೇಲಿನದಕ್ಕೆ ಹೈನು. ಹಳೆಯ ಕಾರು ರಾಗಿಯ ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ಪೇಟೆಯವರು ಸ್ಕೂಟರಿನಲ್ಲಿ ಹುಡುಕಿಕೊಂಡು ಬರುತ್ತಾರೆ. ನಾನೂ ರಾಗಿ ಬೆಳೆಯುವ ಮನೆಯವನೇ. ಆ ಮಾತು ನನಗೆ ಗೊತ್ತಿಲ್ಲದ್ದಲ್ಲ. ಆಕೆ ಅಂದು ಮೊರದಲ್ಲಿ ಕೇರುತ್ತಿದ್ದದ್ದೂ ರಾಗಿಯೇ.

ಕೆಂಪಗೆ, ಮಿಣಿಮಿಣಿ ಎನ್ನುತ್ತಿತ್ತು.

'ಅಮ್ಮಾ, ನಾನು ಕೇಳಿದ್ದು ಇದಲ್ಲ. ಓಡಾಡೋ ಕಾರು' ಎಂದೆ.

ಆಕೆ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು. ಒಳಗಿನಿಂದ ಸೊಸೆಯನ್ನು ಕೂಗಿ ಕರೆದು ಹೇಳಿದರು. ಸೊಸೆಯೂ ನಕ್ಕಳು. ಬೇಲಿಯ ಆಚೆಯ ಮನೆಯವರಿಗೂ ಹೇಳಿದರು. ಅವರು ಇನ್ನೂ ಜೋರಾಗಿ ನಕ್ಕರು.

'ಅಲ್ಲ ಸಾ, ಗುಡ್ಲಲ್ಲಿರೋ ಕಾರ್‍ನ ಯಾರಾದ್ರೂ ಕೇಳ್ತಾರೆ ಅಂತ ನಂಗೇನ್ ಗೊತ್ತು? ಅದುಕ್ಕೆ ಚಕ್ರಾನೇ ನೆಟ್ಗಿಲ್ಲ. ನೀವು ಎಸ್ರು ಯೋಳಿದ್ರೆ ಆಗೋದು. ನಮ್ ಮಾವ್ನೋರು ಅದ್ನ ಎರಾಲ್ಟು ಅಂತಿದ್ರು.'

'ಈಗ ಹೇಳ್ತಿದೀನಿ. ಆ ಹೆರಾಲ್ಡ್ ನನಗೆ ಕೊಡ್ತೀರಾ?'

ಆಕೆಯ ನಗು ನಿಂತಿತು. 'ಮಾತು ಕೊಟ್ಬುಟ್ಟಿವ್ನಿ ಸಾ' ಎಂದರು. 'ಮೊನ್ನೆ ಶುಕ್ರವಾರ. ಪೆಂಡಾಲ್ನೋರು ಬಂದಿದ್ರು. ಮಗಳ ಬೀಗ್ರೂಟದ್ ದಿವ್ಸ ಮಳೆ ಉಯ್ದು ಗುಡ್ಲೊಳಕ್ಕೆ ಎರಚ್ಲು ಒಡ್ದಾಗ ಅವ್ರು ನಮ್ ಉಲ್ಲುಗೆ ಅವ್ರ ಟಾರ್ಪಾಲ್ ಒದ್ಸುದ್ರು. ನೆಂಟ್ರು ನೆನುದ್ರೂ ಉಲ್ಲು ನೆನೀನಿಲ್ಲ. ಅಂತೋರ್‍ಗೆ ಇಲ್ಲ ಅನ್ನಕ್ಕಾಯ್ತದಾ?'

ಆಯ್ತದೆ ಎಂದು ನನಗನ್ನಿಸಿತು.

ಆದರೆ ಆಕೆ ಒಂದು ಷರತ್ತು ಹಾಕಿದ್ದರು. ಕೊಟ್ಟಿಗೆಯಲ್ಲಿ ಕಾರು ಹಿಂಬದಿಯ ಗೋಡೆಗೆ ಒತ್ತಿಕೊಂಡು ನಿಂತಿದೆ. ಅದರ ಮುಂದೆ, ಮೇಲೆ, ಎರಡು ಬದಿಗೂ ಸೂರಿನವರೆಗೆ ರಾಗಿಹುಲ್ಲು ಅಡಕಿದ್ದಾರೆ. ಮಳೆಗಾಲದಲ್ಲಿ ಹುಲ್ಲನ್ನು ಈಚೆ ಹಾಕುವಂತಿಲ್ಲ, ಕೊಳೆಯುತ್ತದೆ, ದನಗಳು ಮುಸುಡಿ ತಿರುಗಿಸುತ್ತವೆ. ದನ ತಿಂದು ತಿಂದು ಹುಲ್ಲು ಕರಗಿದ ಮೇಲೆ ಕಾರನ್ನು ಎಳೆದುಕೊಂಡು ಹೋಗಬಹುದು. ಅಲ್ಲಿಯವರೆಗೆ ಅಲುಗಿಸುವ ಹಾಗಿಲ್ಲ.

'ಹುಲ್ಲು ಮುಗಿಯೋ ಮುಂಚೆ ಹೊಸ ಹುಲ್ಲು ಬಂದುಬಿಟ್ರೆ?' ಎಂದು ಕೇಳಿದೆ.

'ಅದ್ರ ಮೇಲೇ ಒಟ್ಟುದ್ರಾಯ್ತು. ಇಷ್ಟ್ ವರ್ಸ ಅಂಗೇ ತಾನೇ ಬಂದಿರಾದು' ಎಂದರು.

ರಾಗಿಯ ಚೀಲವನ್ನು ಸ್ಕೂಟರಿನ ಮುಂದೆ, ಕಾಲಿನ ನಡುವೆ ಇಟ್ಟುಕೊಂಡು ಹಾಸನಕ್ಕೆ ಬಂದೆ. ಬರುವ ದಾರಿಯುದ್ದಕ್ಕೂ ಒಂದೇ ಲೆಕ್ಕ. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು, ಒಂದು ಜೊತೆ ಎತ್ತು. ಸುಗ್ಗಿಯವರೆಗೆ ಇವು ಆ ಹುಲ್ಲನ್ನು ಪೂರ್ತಿ ತಿನ್ನುತ್ತವೆಯೋ ಇಲ್ಲವೋ. ತಿನ್ನದಿದ್ದರೆ ಕಾರು ಇನ್ನೊಂದು ವರ್ಷ ಅಲ್ಲಿಯೇ ಇರುತ್ತದೆ. ನನಗೆ ಸಿಗುವುದಿಲ್ಲ, ನಿಜ. ಅವನಿಗೂ ಸಿಗುವುದಿಲ್ಲ. ಆ ಯೋಚನೆ ನನಗೆ ಹಿತವಾಗಿತ್ತು. ಕಾರು ಗೋಡೆಗೆ ಒತ್ತಿಕೊಂಡು ಕತ್ತಲೆಯಲ್ಲಿ ನಿಂತಿರುವುದೇ ಸರಿ, ಹುಲ್ಲಿನ ಕೆಳಗೆ ಅದು ಯಾರದೂ ಅಲ್ಲ.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಸ್ಕೂಟರಿನಲ್ಲಿ ಹಳೇ ಕಾರು ಕೇಳಿಕೊಂಡು ಬಂದವರ ಕಥೆಯನ್ನು ಆಕೆ ಷಡ್ಡಕನಿಗೆ ಫೋನ್ ಮಾಡಿ ಹೇಳಿದ್ದರು, ಅದು ಯಾರೆಂದು ಅವನಿಗೆ ಕೂಡಲೇ ಹೊಳೆದಿತ್ತು. ಅವನು ತನ್ನ ಹೆಂಡತಿಗೆ, ಅವಳು ತನ್ನ ಅಕ್ಕನಿಗೆ. ನಾನು ಚೀಲ ಇಳಿಸುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

'ಎಲ್ಲಿ ನಿಲ್ಲಿಸ್ತೀರಿ ಕಾರನ್ನ? ಅಡುಗೆಮನೇಲಾ, ಪೋರ್ಟಿಕೋದಲ್ಲಾ?'

ಸಂಜೆ ಷಡ್ಡಕನ ಫೋನು. 'ಅಣ್ಣಾ, ನಿಮ್ಗೂ ಒಂದ್ ಕಾರು ಸಿಕ್ತಂತೆ! ಕಂಗ್ರಾಜುಲೇಸನ್ಸ್ ಕಣಣ್ಣ. ಮೈಲೇಜ್ ಎಂಗೈತೆ?'

'ಒಂದು ಮುದ್ದೆಗೆ ಅರ್ಧ ದಿನ' ಎಂದೆ. ನಗದೆ ಬೇರೆ ದಾರಿ ಇರಲಿಲ್ಲ.

'ನನ್ಕೂಡೆ ಒಂದ್ ಮಾತು ಯೋಳಿದ್ರೆ ನಾನೇ ಕರ್ಕಂಡೋಗ್ತಿದ್ದೆ. ಕಳ್ಳ ಬೆಕ್ಕಿನಂಗೆ ಯಾಕಣ್ಣ ಓದ್ರಿ?'

ಅಷ್ಟು ಕೇಳಿ, ಅದನ್ನು ಅಲ್ಲಿಗೇ ಬಿಟ್ಟು, ಮುದ್ದೆಗೆ ಯಾವ ಸಾರು ಎಂದು ವಿಚಾರಿಸಿದ. ಅವನ ಈ ಗುಣವೇ ನನ್ನನ್ನು ಹೆಚ್ಚು ಉರಿಸುವುದು. ಜಗಳಕ್ಕೆ ಎಳೆದರೂ ಬರುವುದಿಲ್ಲ.

ಆಮೇಲಿನ ವಾರಗಳಲ್ಲಿ ನಾನು ಆ ದಾರಿಯಲ್ಲಿ ಹೋಗುವುದಕ್ಕೆ ಏನಾದರೊಂದು ನೆಪ ಹುಡುಕುತ್ತಿದ್ದೆ. ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಬಗ್ಗೆ ಬರೆಯಲು ಹೋದವನು ಗುಡಿ ನೋಡಿ ಮುಗಿಸಿ, ಸ್ಕೂಟರನ್ನು ಹಾಸನದ ಕಡೆ ತಿರುಗಿಸದೆ ಹೊಳೆನರಸೀಪುರದ ಕಡೆ ತಿರುಗಿಸಿದ್ದೂ ಉಂಟು. ಊರೊಳಕ್ಕೆ ಹೋಗುತ್ತಿರಲಿಲ್ಲ. ನಾಲೆಯ ಏರಿಯ ಮೇಲಿಂದ ಕೊಟ್ಟಿಗೆಯ ತೆರೆದ ಬಾಯಿ ಕಾಣುತ್ತದೆ. ಹುಲ್ಲು ಎಷ್ಟು ಕರಗಿದೆ ಎಂದು ಅಲ್ಲಿಂದ ನೋಡುತ್ತಿದ್ದೆ. ಅದು ಸ್ವಲ್ಪವೂ ಕರಗುತ್ತಿರಲಿಲ್ಲ. ಮುಂಗಾರು ಚೆನ್ನಾಗಿತ್ತು, ಬದುಗಳಲ್ಲಿ ಹಸಿ ಹುಲ್ಲು ಎದ್ದಿತ್ತು, ದನಗಳು ಒಣ ಹುಲ್ಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಜಿಲ್ಲೆಯ ಮಳೆ ವರದಿಯನ್ನು ನಾನು ಅಷ್ಟು ಖುಷಿಯಿಂದ ಯಾವ ವರ್ಷವೂ ಪುಟಕ್ಕೆ ಹಾಕಿರಲಿಲ್ಲ.

ಆಷಾಢ ಬಂತು.

ಆಷಾಢದಲ್ಲಿ ನಮ್ಮ ಕಡೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಶಾಮಿಯಾನದವರಿಗೆ ಕೆಲಸವಿಲ್ಲ. ಷಡ್ಡಕನ ಕಂಬ, ತಗಡು, ಪರದೆ ಎಲ್ಲ ಗೋದಾಮಿನಲ್ಲಿ ಬಿದ್ದಿರುತ್ತವೆ. ಆಳುಗಳು ಚೌಕಾಬಾರ ಆಡುತ್ತಾರೆ. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವನು ಎಲ್ಲವನ್ನೂ ಲಾರಿಗೆ ಹೇರಿಸಿಕೊಂಡು ಹೋಗಿ ಆ ಮನೆಯ ಕಣದಲ್ಲಿ ತಗಡಿನ ಪೆಂಡಾಲ್ ಎಬ್ಬಿಸಿದ. ಸುತ್ತ ಎರಚಲು ಹೊಡೆಯದ ಹಾಗೆ ಕೆಂಪು ಹಳದಿ ಪಟ್ಟೆಯ ಪರದೆ ಕಟ್ಟಿಸಿದ. ಕೆಳಗೆ ಮರದ ವೇದಿಕೆ ಹಾಸಿದ, ವಧೂವರರನ್ನು ಕೂರಿಸುವ ಅದೇ ವೇದಿಕೆ. ಅದರ ಮೇಲೆ ಹುಲ್ಲನ್ನು ಸಾಗಿಸಲು ಶುರು ಮಾಡಿದ. ಹುಲ್ಲು ಕರಗುವವರೆಗೂ ಪೆಂಡಾಲ್ ಅಲ್ಲಿಯೇ ಇರಲಿ, ಶ್ರಾವಣಕ್ಕೆ ತನಗೆ ಬೇರೆ ತಗಡು ಇದೆ ಎಂದು ಯಜಮಾನಿಗೆ ಹೇಳಿದನಂತೆ. ಹುಲ್ಲು ನೆನೆಯುವುದಿಲ್ಲ ಎಂದ ಮೇಲೆ ಆಕೆಯ ಅಡ್ಡಿಯೇನೂ ಇರಲಿಲ್ಲ.

ನನ್ನನ್ನೂ ಕರೆದಿದ್ದ. ಹೆಂಡತಿ, ನಾದಿನಿ ಆಗಲೇ ಹೋಗಿದ್ದರು. ನಾನು ಹತ್ತು ಗಂಟೆಯ ಹೊತ್ತಿಗೆ ತಲುಪಿದೆ. ಕಣದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಸೈಕಲ್ ಇಳಿದು ನಿಂತ.

'ಆಸಾಡ್ದಲ್ಲಿ ಯಾರ್‍ದ್ಲಾ ಮದ್ವೆ?' ಎಂದು ಆಳುಗಳನ್ನು ಕೇಳಿದ.

'ಉಲ್ಲಿಂದು ಕಣ್ ತಾತ!' ಎಂದ ಒಬ್ಬ, ಹುಲ್ಲಿನ ಹೊರೆಯ ಕೆಳಗಿನಿಂದ.

'ಎಣ್ಣು ಯಾರು?'

'ಎಣ್ಣು ಇನ್ನೂ ವಳಗೈತೆ. ನಾಚ್ಕಂತೈತೆ.'

ಮುದುಕ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕೂತೇಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಅಲ್ಲಿತ್ತು.

ಮೊದಲು ಕಾರಿನ ಚಾವಣಿ ಕಂಡಿತು, ಆಮೇಲೆ ಮುಂದಿನ ಗಾಜು. ಗಾಜು ಒಡೆದಿರಲಿಲ್ಲ. ಅಷ್ಟು ವರ್ಷದ ಹುಲ್ಲು ಅದನ್ನು ಹಾಸಿಗೆಯಲ್ಲಿ ಸುತ್ತಿಟ್ಟ ಹಾಗೆ ಕಾಪಾಡಿತ್ತು. ಕಾರು ಕೆಂಪಲ್ಲ, ತಿಳಿನೀಲಿ. ಧೂಳು ಒರೆಸಿದ ಕಡೆ ಬಣ್ಣ ಎದ್ದು ಕಾಣುತ್ತಿತ್ತು. ನಮ್ಮ ಬೀದಿಯ ಡಾಕ್ಟರ ಕಾರಿನ ಬಣ್ಣ ಯಾವುದಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಈ ನೀಲಿ ಕಣ್ಣಿಗೆ ಬಿದ್ದ ಮೇಲೆ ಅದೂ ನೀಲಿಯೇ ಆಗಿಬಿಟ್ಟಿತ್ತು.

ಮುಂಬದಿಯಿಂದ ಹಗ್ಗ ಹಾಕಿ ಎಳೆದು, ಎರಡೂ ಮಗ್ಗುಲಿನಿಂದ ನೂಕಿ ಅದನ್ನು ಬೆಳಕಿಗೆ ತಂದರು. ಜನ ಹೋ ಎಂದರು. ಷಡ್ಡಕ ಬಾನೆಟ್ ತೆಗೆಯಲು ಹೋದ. ಎಲ್ಲ ಕಾರುಗಳಂತೆ ಇದರದ್ದೂ ಮುಂಬದಿಯಿಂದ ಎತ್ತುವುದು ಎಂದುಕೊಂಡು ಗ್ರಿಲ್ಲಿನ ಸಂದಿಯಲ್ಲಿ ಬೆರಳು ಹಾಕಿ ಜಗ್ಗಿದ. ಬರಲಿಲ್ಲ. ಆಳೊಬ್ಬ ಗಡಾರಿ ತಂದ. ಹೆರಾಲ್ಡಿನ ಬಾನೆಟ್ ಹಾಗೆ ತೆಗೆಯುವುದಲ್ಲ. ಮುಂದಿನ ಚಕ್ರಗಳ ಹಿಂದೆ, ಎರಡೂ ಮಗ್ಗುಲಲ್ಲಿ ಒಂದೊಂದು ಹಿಡಿ ಇದೆ. ಅವನ್ನು ಬಿಡಿಸಿದರೆ ಕಾರಿನ ಮೂತಿಯೆಲ್ಲ, ಎರಡು ಮಡ್‌ಗಾರ್ಡ್ ಸಮೇತ, ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ. ನಾನು ಮೂರು ಮಾರು ದೂರದಲ್ಲಿ ಕೈಕಟ್ಟಿ ನಿಂತು ಸುಮ್ಮನೆ ನೋಡುತ್ತಿದ್ದೆ. ಅವನು ಬೆವರಲಿ. ಅಷ್ಟು ಜನರ ಮುಂದೆ ಒಂದು ಸಲವಾದರೂ ಅವನಿಗೆ ಏನೋ ಒಂದು ಬಾರದೆ ಹೋಗಲಿ.

ಗಡಾರಿಯ ಚೂಪು ತಗಡಿಗೆ ತಾಗಿ ಕಿರ್ ಎಂದಿತು. ನೀಲಿ ಬಣ್ಣದ ಒಂದು ಚಕ್ಕೆ ಹಾರಿತು.

'ನಿಲ್ಲಿಸೋ!' ಎಂದೆ.

ಎಲ್ಲರೂ ತಿರುಗಿ ನೋಡಿದರು. ನಾನು ಹೋಗಿ ಆ ಕಡೆ ಒಂದು ಹಿಡಿ, ಈ ಕಡೆ ಒಂದು ಹಿಡಿ ತಿರುಗಿಸಿ, ಹಿಂಬದಿಯ ಅಂಚು ಹಿಡಿದು ಮೇಲೆತ್ತಿದೆ. ಮೂತಿ ಮುಂದಕ್ಕೆ ಬಾಗಿ ತೆರೆಯಿತು. ಇಂಜಿನ್ನಿನ ಮೇಲೆ ಇಲಿಗೂಡಿತ್ತು.

'ಅಯ್ ನಮ್ಮಣ್ಣನ!' ಎಂದು ಷಡ್ಡಕ ನನ್ನ ಬೆನ್ನಿಗೆ ಗುದ್ದಿದ. ಆಮೇಲೆ ಜನರ ಕಡೆ ತಿರುಗಿ, 'ನೋಡ್ರಪ್ಪ, ಮೊಸ್ಳೆ ಬಾಯ್ ತಗದಂಗ್ ತಗೀತು! ನಮ್ಮಣ್ಣ ಇಲ್ದಿದ್ರೆ ನಾನ್ ಇದ್ನ ವಡದಾಕ್ಬುಡ್ತಿದ್ದೆ' ಎಂದು ಸಾರಿದ. ಅವನ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ನನ್ನ ಹೆಂಡತಿ ಪೆಂಡಾಲಿನ ಕೆಳಗೆ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಗಡಾರಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ನೋಡುತ್ತಿದ್ದಳು ಎಂದು ಆಮೇಲೆ ಹೇಳಿದಳು.

ಒಳಗೆ ಕೂರಿ ಬನ್ನಿ ಎಂದು ಷಡ್ಡಕ ಬಾಗಿಲು ತೆರೆದ. ಸೀಟಿನ ಸ್ಪ್ರಿಂಗು ಹೊರಬಂದಿದೆ, ಪ್ಯಾಂಟು ಹರಿಯುತ್ತದೆ ಎಂದು ಹೇಳಿ ನಾನು ಕೂರಲಿಲ್ಲ. ಅವನು ಬಾಗಿಲು ಮುಚ್ಚಿದ. ತೆಳ್ಳಗಿನ ಸದ್ದು. ಅದನ್ನು ಅವನು ಗಮನಿಸಲಿಲ್ಲ. ಆಳುಗಳಿಗೆ ಏನೋ ಕೂಗಿ ಹೇಳುತ್ತಿದ್ದ.

ಅಂದು ಸಂಜೆ, ಪೆಂಡಾಲ್ ತಂದಿದ್ದ ಅದೇ ಲಾರಿಗೆ ಕಾರನ್ನು ಹತ್ತಿಸಿದರು. ಯಜಮಾನಿ ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಮೂರು ಸಲ ನಿವಾಳಿಸಿ, ನಿಂಬೆಹಣ್ಣು ಚಕ್ರದ ಕೆಳಗಿಟ್ಟರು. 'ಕಣ್ ತಾಗ್ದಿರ್ಲಿ' ಎಂದರು. ನಾನು ಲಾರಿಯ ಇನ್ನೊಂದು ಬದಿಗೆ ಹೋಗಿ ನಿಂತೆ.

ಗೌರಿ ಹಬ್ಬದ ಹೊತ್ತಿಗೆ ಚನ್ನರಾಯಪಟ್ಟಣದ ಒಬ್ಬ ಮೇಸ್ತ್ರಿ ಇಂಜಿನ್ ಇಳಿಸಿದ್ದರು. ಬೇಕಾದ ಸಾಮಾನು ಎಲ್ಲಿ ಸಿಗುತ್ತದೆ, ಯಾವುದು ಅಸಲಿ, ಯಾವುದು ಬದಲಿ ಎಂದು ಷಡ್ಡಕ ವಾರಕ್ಕೆರಡು ಸಲ ನನಗೆ ಫೋನ್ ಮಾಡುತ್ತಿದ್ದ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹೇಳದೆ ಇದ್ದರೆ ಅವನು ಬೇರೆ ಯಾವುದೋ ಕಾರಿನದು ತಂದು ಹಾಕುತ್ತಾನೆ ಎಂಬ ಭಯ. ಪ್ರತಿಸಲ ಫೋನ್ ಇಟ್ಟ ಮೇಲೆ ಅದೇ ಉರಿ. ನನ್ನ ಓದು, ಅವನ ಕಾರು. ಇಷ್ಟು ವರ್ಷ ನಾನು ಕೂಡಿಟ್ಟದ್ದೆಲ್ಲ ಸ್ವಲ್ಪ ಸ್ವಲ್ಪವಾಗಿ ಚನ್ನರಾಯಪಟ್ಟಣದ ಗೋದಾಮಿಗೆ ಸಾಗಿ ಹೋಗುತ್ತಿತ್ತು. ಹೆಂಡತಿ ಒಂದು ಸಲ ಕೇಳಿದಳು, ಅವನು ಮಾರುತ್ತೇನೆಂದರೆ ನೀವು ತಗೊಳ್ತೀರಾ ಎಂದು. ಹೂಂ ಎಂದೆ. ಅವಳು ತಂಗಿಯ ಮೂಲಕ ಕೇಳಿಸಿದಳು. ಮಾರುವುದಿಲ್ಲ, ಆದರೆ ಅಣ್ಣ ಯಾವಾಗ ಬೇಕಾದರೂ ಬಂದು ಓಡಿಸಲಿ ಎಂದು ಉತ್ತರ ಬಂತು. ನಾನು ಹೋಗಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಹೆರಾಲ್ಡ್ ಮೊದಲ ಸಲ ರಸ್ತೆಗಿಳಿಯಿತು. ಮುಂದಿನ ಸೀಟಿನಲ್ಲಿ ಹಳೇಕೋಟೆ ಕಡೆಯ ಯಜಮಾನಿ, ಹಿಂದೆ ನನ್ನ ನಾದಿನಿ ಮತ್ತು ನನ್ನ ಹೆಂಡತಿ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಕಾರು ಬಾಗೂರು ರಸ್ತೆಯಲ್ಲಿ ಪೆಟ್ರೋಲ್ ಬಂಕಿನವರೆಗೆ ಹೋಗಿ, ತಿರುಗಿ, ಎಲ್ಲಿಯೂ ನಿಲ್ಲದೆ ಗೋದಾಮಿಗೆ ವಾಪಸ್ ಬಂತು. ಓಡಿಸಿದವನು ಷಡ್ಡಕ.